ಕಪ್ಪು ಎಂಬ ಅರ್ಥದ ಹೆಸರು ಇಡಬೇಕು ಅಂತಿದ್ದೇವೆ, ಗೊತ್ತಿರುವವರು ಹೇಳಿ

ಮಳೆಮುಗಿಲು
ಎಲ್ಲರಿಗೂ ನಮಸ್ಕಾರ. ಇನ್ನು ಎರಡು ತಿಂಗಳಿಗೆ ನಮಗೆ ಮಗು ಹುಟ್ಟುತ್ತದೆ. ನಾನು ಕಪ್ಪು. ನನ್ನ ಗಂಡ ನನಗಿಂತ ಕಪ್ಪು. ಮಗುವೂ ನಮ್ಮ ಬಣ್ಣವನ್ನೇ ಹೊತ್ತು ಬರುತ್ತದೆ. ಹಾಗಾಗಿ ಕಪ್ಪು, ಕಡುಬಣ್ಣ, ಇರುಳು ಇಂಥ ಅರ್ಥದ ಹೆಸರೇ ಇಡಬೇಕು ಅಂತ ನನಗೆ ತುಂಬಾ ಆಸೆ.

ಹತ್ತಿರದ ನೆಂಟರೊಬ್ಬರು ಹೆಸರುಗಳ ಪಟ್ಟಿ ಕಳಿಸಿದರು. ಶ್ವೇತಾ, ಧವಳಾ, ಗೌರಿ, ಶುಭ್ರಾ, ಉಜ್ವಲಾ. ಗಂಡಾದರೆ ಅರ್ಜುನ. ಎಲ್ಲವೂ ಬಿಳಿ, ಬೆಳಕು, ಹೊಳಪು. "ಹೆಸರಾದರೂ ಬೆಳ್ಳಗಿರಲಿ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕಂದರೆ ನನ್ನ ಹೆಸರಿನ ಅರ್ಥವೂ ಬಿಳಿ ಅಂತಲೇ. ಶಾಲೆಯಲ್ಲಿ ಹಾಜರಿ ಕೂಗುವಾಗ ಒಬ್ಬ ಮೇಷ್ಟ್ರು ನನ್ನ ಹೆಸರು ಓದಿ, ತಲೆ ಎತ್ತಿ ನನ್ನನ್ನು ನೋಡಿ, ನಕ್ಕು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಇಡೀ ತರಗತಿ ನಗುತ್ತಿತ್ತು. ಒಂದು ವರ್ಷ ಪೂರ್ತಿ ಹೀಗೇ.

ನನ್ನ ಮಗುವಿಗೆ ಅದು ಬೇಡ. ಯಾವ ದೇಶದ್ದು, ಯಾವ ಭಾಷೆಯದ್ದು ಆದರೂ ಸರಿ. ಅರ್ಥ ಮಾತ್ರ ಗಟ್ಟಿ ಇರಬೇಕು. ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ಒಂದೊಂದು ಕಡೆ ಒಂದೊಂದು ಅರ್ಥ ಬರೆದಿದ್ದಾರೆ. ನಂಬೋಕೆ ಆಗುತ್ತಿಲ್ಲ.

ಎರಡನೇಬೆಂಚು
ಕೃಷ್ಣ. ಹುಡುಕಾಟ ಮುಗೀತಲ್ವಾ?

ಹಳೇಓಲೆ
ಮುಗಿದಿಲ್ಲ, ಅಲ್ಲಿಂದಲೇ ಶುರು. ಮಹಾಭಾರತದಲ್ಲಿ ಒಬ್ಬನೇ ಕೃಷ್ಣ ಅಂದುಕೊಂಡಿದ್ದೀರಾ? ಎಣಿಸಿ ನೋಡಿ.

ವಾಸುದೇವ ಕೃಷ್ಣ ಎಲ್ಲರಿಗೂ ಗೊತ್ತು. ಅದನ್ನು ಬರೆದ ವ್ಯಾಸನ ಹೆಸರು ಕೃಷ್ಣ ದ್ವೈಪಾಯನ. ಮೈ ಕಪ್ಪಗಿತ್ತು, ದ್ವೀಪದಲ್ಲಿ ಹುಟ್ಟಿದ, ಅದಕ್ಕೆ ಆ ಹೆಸರು. ಅವನ ತಾಯಿ ಸತ್ಯವತಿಗೆ ಕಾಳಿ ಎಂಬ ಹೆಸರೂ ಇದೆ. ದ್ರೌಪದಿಯ ಹೆಸರು ಕೃಷ್ಣೆ. ಬೆಂಕಿಯಿಂದ ಎದ್ದು ಬಂದ ಆ ಹುಡುಗಿ ಕಪ್ಪಗಿದ್ದಳು, ಅವಳ ಕಾಲದಲ್ಲಿ ಅವಳಷ್ಟು ಚೆಲುವೆ ಇನ್ನೊಬ್ಬಳಿರಲಿಲ್ಲ ಅಂತ ಕಥೆಯೇ ಹೇಳುತ್ತದೆ.

ಈಗ ನಿಮ್ಮ ನೆಂಟರು ಹೇಳಿದ ಅರ್ಜುನನಿಗೆ ಬರೋಣ. ಅರ್ಜುನ ಎಂದರೆ ಬಿಳಿ, ಸರಿ. ಆದರೆ ಅವನ ಹತ್ತು ಹೆಸರುಗಳಲ್ಲಿ ಕೃಷ್ಣ ಎನ್ನುವುದೂ ಒಂದು. ವಿರಾಟಪರ್ವದಲ್ಲಿ ಉತ್ತರಕುಮಾರನಿಗೆ ಅವನೇ ಒಂದೊಂದಾಗಿ ವಿವರಿಸುತ್ತಾನೆ. ಅರ್ಜುನ ಎಂಬ ಹೆಸರು ಬಂದದ್ದು ತನ್ನ ಕೆಲಸ ಶುದ್ಧವಾಗಿದೆ ಅಂತ. ಕೃಷ್ಣ ಎಂಬ ಹೆಸರನ್ನು ಅಪ್ಪ ಇಟ್ಟದ್ದು. ಕಪ್ಪಗೆ ಹೊಳೆಯುತ್ತಿದ್ದ ಚಿಕ್ಕ ಮಗನ ಮೇಲಿನ ಮುದ್ದಿಗೆ ಇಟ್ಟದ್ದು. ಮಗು ಕಪ್ಪು, ಅಪ್ಪನಿಗೆ ಅದು ಮುದ್ದು, ಅದಕ್ಕೆ ಆ ಹೆಸರು. ನೀವು ಮಾಡಬೇಕು ಅಂತಿರುವುದೂ ಅದನ್ನೇ. ನಿಮ್ಮ ನೆಂಟರಿಗೆ ಇದನ್ನು ಹೇಳಿ.

ಮಳೆಮುಗಿಲು
ಹಳೇಓಲೆ, ಅರ್ಜುನನ ಈ ವಿಷಯ ನನಗೆ ಗೊತ್ತೇ ಇರಲಿಲ್ಲ. ಓದಿ ಕಣ್ಣು ತುಂಬಿ ಬಂತು.

ಸೀದಾಮಾತು
ಕೃಷ್ಣನದು ನೀಲಿ ಬಣ್ಣ ಅಲ್ವಾ? ಚಿತ್ರಗಳಲ್ಲೆಲ್ಲ ನೀಲಿಯೇ ಇರುತ್ತದೆ. ಹೆಸರಿನ ಅರ್ಥವೂ ನೀಲಿ ಅಂತಲೇ ನಾನು ತಿಳಿದಿದ್ದೆ.

ಬೇರುಹುಡುಕಿ
ಹೆಸರಿನ ಅರ್ಥ ಕಪ್ಪು, ಇದರಲ್ಲಿ ಅನುಮಾನ ಬೇಡ. ಕೃಷ್ಣಪಕ್ಷ ಅಂದರೆ ಚಂದ್ರ ಕರಗುವ ಕತ್ತಲಿನ ಪಕ್ಷ, ನೀಲಿ ಪಕ್ಷ ಅಲ್ಲ. ಆದರೆ ನೀಲಿ ಮತ್ತು ಕಪ್ಪಿನ ನಡುವಿನ ಗೆರೆ ಹಿಂದಿನವರಿಗೆ ನಮ್ಮಷ್ಟು ಬಿಗಿ ಇರಲಿಲ್ಲ. ಸಂಸ್ಕೃತದ 'ನೀಲ' ಕಡುನೀಲಿಗೂ ಆಗುತ್ತದೆ, ಕಪ್ಪಿಗೂ ಆಗುತ್ತದೆ. ಸುನೀಲ ಅಂದರೆ ಚೆನ್ನಾಗಿ ಕಡುನೀಲಿ, ಕಡುಗಪ್ಪು. ಎಷ್ಟೊಂದು ಜನ ಸುನಿಲ್‌ಗಳಿಗೆ ತಮ್ಮ ಹೆಸರು ಈ ಪಟ್ಟಿಗೆ ಸೇರುತ್ತದೆ ಅಂತ ಗೊತ್ತೇ ಇರುವುದಿಲ್ಲ.

ಐರಿಶ್ ಭಾಷೆಯಲ್ಲೂ ಇಂಥದ್ದೇ ಇದೆ. ಅಲ್ಲಿ 'ದುವ್' ಅಂದರೆ ಕಪ್ಪು, 'ಗೊರಮ್' ಅಂದರೆ ನೀಲಿ. ಕಪ್ಪು ಮೈಬಣ್ಣದ ಮನುಷ್ಯನನ್ನು ಅವರು ನೀಲಿ ಮನುಷ್ಯ ಎಂದೇ ಕರೆಯುತ್ತಾರೆ. ಯಾಕಂದರೆ ಕಪ್ಪು ಮನುಷ್ಯ ಅಂದರೆ ಅಲ್ಲಿ ಸೈತಾನ ಅಂತ ಅರ್ಥ ಆಗಿಬಿಡುತ್ತದೆ.

ಕುಸ್ತಿಮನೆ
ಐರಿಶ್ ಮಾತು ಬಂತಲ್ಲ, ಡ್ವೇಯ್ನ್ ಹೆಸರೂ ಅಲ್ಲಿಂದಲೇ ಬಂದದ್ದು ಅಂತ ಎಲ್ಲೋ ಓದಿದ್ದೆ. ಡ್ವೇಯ್ನ್ ಜಾನ್ಸನ್‌ನ ದೊಡ್ಡ ಅಭಿಮಾನಿ ನಾನು. ನಿಜವಾ?

ಬೇರುಹುಡುಕಿ
ನಿಜ. ದುವಾನ್ ಎಂಬ ಹಳೆಯ ಹೆಸರಿನಿಂದ ಒಂದು ಮನೆತನದ ಹೆಸರು ಬಂತು, ಅದೇ ಡ್ವೇಯ್ನ್ ಆಯಿತು. ಅರ್ಥ ಕರಿಯ ಅಂತಲೇ. ಡಬ್ಲಿನ್ ಊರಿನ ಹೆಸರಿನಲ್ಲೂ ಅದೇ ದುವ್ ಇದೆ, ಕರಿಮಡು ಅಂತ ಅರ್ಥ. ಸ್ಕಾಟ್ಲೆಂಡಿನ ಡಗ್ಲಸ್ ಅಂದರೆ ಕರಿತೊರೆ.

ಮಗುವಿಗೆ ಇಡಲು ಚೆಂದ ಇರುವುದು ಇನ್ನೊಂದು ಪದದಿಂದ ಬಂದವು. 'ಕೀರ್' ಅಂದರೆ ಕಪ್ಪು, ಕಡುಬಣ್ಣ. ಅದರಿಂದ ಗಂಡಿಗೆ ಕೀರನ್, ಹೆಣ್ಣಿಗೆ ಕೀರಾ. 6ನೇ ಶತಮಾನದಲ್ಲಿ ಐರ್ಲೆಂಡಿನ ಕ್ಲಾನ್‌ಮ್ಯಾಕ್‌ನಾಯ್ಸ್ ಮಠ ಕಟ್ಟಿದ ಸಂತನ ಹೆಸರು ಕೀರನ್. ಅಲ್ಲಿನ ಕೆರಿ ಎಂಬ ನಾಡಿನ ಹೆಸರಿಗೆ ಕೀರ್ ಎಂಬವನ ವಂಶದವರು ಅಂತ ಅರ್ಥ. ಅಂದರೆ ಒಂದು ಇಡೀ ನಾಡು ತನ್ನನ್ನು ಕರಿಯನ ಮಕ್ಕಳು ಅಂತ ಕರೆದುಕೊಂಡಿದೆ.

ಕುಸ್ತಿಮನೆ
ಕರಿಯನ ಮಕ್ಕಳು! ಇದು ನನಗೆ ಬಹಳ ಹಿಡಿಸಿತು.

ನಿಶೆ
ನನ್ನ ಹೆಸರು ನಿಶಾ. ಇರುಳಿನ ಹೆಸರುಗಳನ್ನೂ ಸೇರಿಸಿಕೊಳ್ಳಿ. ನಿಶಾ, ರಜನಿ, ಯಾಮಿನಿ, ಶರ್ವರಿ, ವಿಭಾವರಿ. ಅರಬ್ಬಿ ಮತ್ತು ಹೀಬ್ರೂ ಎರಡರಲ್ಲೂ ರಾತ್ರಿಗೆ ಲೈಲಾ ಎಂದೇ ಹೇಳುತ್ತಾರೆ. ಪಾರ್ಸಿಯ ಶಬನಮ್ ಅಂದರೆ ಇರುಳಿನ ಹನಿ, ಅಂದರೆ ಇಬ್ಬನಿ.

ಸೀದಾಮಾತು
ಇರುಳು ಬೇರೆ, ಕಪ್ಪು ಬೇರೆ. ಅವರು ಕೇಳಿದ್ದು ಬಣ್ಣ. ಶಬನಮ್‌ನಲ್ಲಿ ಕಪ್ಪು ಎಲ್ಲಿದೆ?

ನಿಶೆ
ಮೊದಲ ಪೋಸ್ಟಿನಲ್ಲಿ ಇರುಳು ಅಂತ ಅವರೇ ಬರೆದಿದ್ದಾರೆ, ಇನ್ನೊಮ್ಮೆ ಓದಿ. ಶಬನಮ್ ಬಿಡಿ, ಒಪ್ಪಿದೆ. ಆದರೆ ಲೈಲಾ ಬಿಡುವುದಿಲ್ಲ. ಲೈಲಾ ಮಜ್ನೂ ಕಥೆ ಹೇಳುವವರು ಅವಳ ಕಪ್ಪು ಕೂದಲನ್ನು ಇರುಳಿಗೆ ಹೋಲಿಸುತ್ತಲೇ ಬಂದಿದ್ದಾರೆ.

ಎರಡನೇಬೆಂಚು
ಲಿಲಿತ್ ಕೂಡ ರಾತ್ರಿ ಅಂತ ಪಟ್ಟಿಗಳಲ್ಲಿ ಇರುತ್ತದೆ.

ಬೇರುಹುಡುಕಿ
ಅದು ಬೇಡ. ಹಳೆಯ ಅಕ್ಕಾಡಿಯನ್ ಭಾಷೆಯ ಒಂದು ಪೀಡೆಯ ಹೆಸರಿನಿಂದ ಬಂದದ್ದು. ಲೈಲಾ ಜೊತೆ ಸದ್ದು ಹೊಂದುತ್ತದೆ ಅಂತ ರಾತ್ರಿಗೆ ಅಂಟಿಸಿದ್ದಾರೆ ಅಷ್ಟೇ.

ದೂರದೋದು
ಯುರೋಪಿನಲ್ಲಿ ಕಪ್ಪಿನ ಹೆಸರುಗಳಲ್ಲಿ ಹೆಚ್ಚು ಹರಡಿದ್ದು ಮೆಲನಿ ಅಂತ ನನಗನ್ನಿಸುತ್ತದೆ. ಗ್ರೀಕಿನ 'ಮೆಲಾಸ್' ಅಂದರೆ ಕಪ್ಪು, ಹೆಣ್ಣು ರೂಪ 'ಮೆಲೈನಾ'. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಅದೇ ಬೇರಿನದು. ರೋಮಿನ ದೊಡ್ಡ ಮನೆತನವೊಂದರಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರ ಹೆಸರೂ ಮೆಲನಿಯಾ. ಇಬ್ಬರೂ ಇದ್ದ ಆಸ್ತಿಯನ್ನೆಲ್ಲ ಹಂಚಿ ಸಂತರಾದರು. ಮೊಮ್ಮಗಳು ತೀರಿಕೊಂಡದ್ದು 439ರಲ್ಲಿ. ಅವರಿಂದಲೇ ಹೆಸರು ಹರಡಿತು. ಅಮೆರಿಕದ ಅಧ್ಯಕ್ಷರ ಹೆಂಡತಿಯ ಹೆಸರೂ ಇದೇ. ಇವತ್ತು ಆ ಹೆಸರಿನ ಹೆಂಗಸರಲ್ಲಿ ಜಾಸ್ತಿ ಜನ ಬೆಳ್ಳಗಿರುತ್ತಾರೆ. ಅವರಿಗೆ ಯಾರೂ "ಹೆಸರಾದರೂ ಬೆಳ್ಳಗಿರಲಿ" ಅನ್ನಲಿಲ್ಲ.

ಇನ್ನೊಂದು ಮಾರಿಸ್. ಲ್ಯಾಟಿನ್‌ನಲ್ಲಿ 'ಮೌರುಸ್' ಅಂದರೆ ಉತ್ತರ ಆಫ್ರಿಕಾದ ಮೂರ್ ಜನ. ಆಮೇಲೆ ಕಪ್ಪು ಮೈಯವನು ಅಂತಲೂ ಆಯಿತು. ಮೌರೊ, ಮೋರಿಟ್ಸ್, ಮಾರಿಸ್ ಎಲ್ಲ ಅದರಿಂದಲೇ. ಜರ್ಮನಿಯ ಮಾಗ್ಡೆಬುರ್ಗ್ ಚರ್ಚಿನಲ್ಲಿ ಸಂತ ಮಾರಿಸ್‌ನ ಕಲ್ಲಿನ ಪ್ರತಿಮೆ ಇದೆ, 13ನೇ ಶತಮಾನದ್ದು. ಯೋಧನ ಉಡುಪು, ಅಚ್ಚ ಆಫ್ರಿಕನ್ ಮುಖ. ಅದರ ಫೋಟೋ ಒಮ್ಮೆ ನೋಡಿ. ಎಷ್ಟು ಗೌರವದಿಂದ ಕೆತ್ತಿದ್ದಾರೆ ಅಂತ ತಿಳಿಯುತ್ತದೆ.

ಎರಡನೇಬೆಂಚು
ಮಾರಿಷಸ್ ದ್ವೀಪಕ್ಕೂ ಇದಕ್ಕೂ ಸಂಬಂಧ ಇದೆಯಾ?

ದೂರದೋದು
ಇದೆ. 1598ರಲ್ಲಿ ಡಚ್ಚರು ಅಲ್ಲಿಗೆ ಬಂದು ತಮ್ಮ ರಾಜಕುಮಾರ ಮಾರಿಸ್‌ನ ಹೆಸರಿಟ್ಟರು.

ಗಣಿತಮೇಷ್ಟ್ರಮಗ
ನೀರೊ ಯಾಕೆ ಯಾರೂ ಹೇಳಲಿಲ್ಲ? ಇಟಲಿಯ ಭಾಷೆಯಲ್ಲಿ ನೀರೊ ಅಂದರೆ ಕಪ್ಪು ಅಲ್ವಾ? ರೋಮಿನ ಚಕ್ರವರ್ತಿಯ ಹೆಸರು.

ಬೇರುಹುಡುಕಿ
ಇದು ದೊಡ್ಡ ಬಲೆ. ತುಂಬಾ ಜನ ಬೀಳುತ್ತಾರೆ. ಇಟಾಲಿಯನ್ನಿನ ಕಪ್ಪು ಬಂದದ್ದು ಲ್ಯಾಟಿನ್ನಿನ 'ನಿಗರ್' ಪದದಿಂದ. ಚಕ್ರವರ್ತಿ ನೀರೊನ ಹೆಸರು ಅದಲ್ಲ, ಅದು ರೋಮಿನ ನೆರೆಯಲ್ಲಿದ್ದ ಸಬೈನ್ ಜನರ ಮಾತು. ಗಟ್ಟಿಗ, ಬಲಶಾಲಿ ಅಂತ ಅರ್ಥ. ನಮ್ಮ ಸಂಸ್ಕೃತದ 'ನರ' ಇದೆಯಲ್ಲ, ಅದಕ್ಕೆ ಇದು ದಾಯಾದಿ.

ಇನ್ನೊಂದು ಬಲೆ ನೈಜೆಲ್. ಐರಿಶ್ ನೀಲ್ ಎಂಬ ಹೆಸರನ್ನು ಹಿಂದಿನ ಬರಹಗಾರರು ಲ್ಯಾಟಿನ್ನಿಗೆ ತರುವಾಗ ನಿಗೆಲ್ಲುಸ್ ಅಂತ ಬರೆದರು. ಅದು ಕಪ್ಪು ಎಂಬ ಪದದ ಹಾಗೆ ಕಂಡಿತು. ಅಂದಿನಿಂದ ಕಪ್ಪು ಅಂತಲೇ ಎಲ್ಲರೂ ಅರ್ಥ ಹೇಳುತ್ತಾರೆ. ಬರವಣಿಗೆಯ ತಪ್ಪಿನಿಂದ ಹುಟ್ಟಿದ ಅರ್ಥ ಅದು. ಆದರೆ ನಿಗೆಲ್ಲಾ ಎಂಬ ಹೆಣ್ಣಿನ ಹೆಸರಿನಲ್ಲಿ ಕಪ್ಪು ನಿಜವಾಗಿಯೂ ಇದೆ. ಅದು ಕಪ್ಪು ಬೀಜದ ಗಿಡದ ಹೆಸರು.

ಗಣಿತಮೇಷ್ಟ್ರಮಗ
ಸರಿ, ತಿದ್ದಿಕೊಂಡೆ. ಆದರೆ ಇದು ನೋಡಿ. ಕನ್ನಡದ ಕರಿ, ತುರ್ಕಿಯ ಕರಾ, ಜಪಾನಿನ ಕುರೊ, ಸಂಸ್ಕೃತದ ಕಾಳ. ಎಲ್ಲದಕ್ಕೂ ಕಪ್ಪು ಎಂದೇ ಅರ್ಥ. ಎಲ್ಲ ಒಂದೇ ಬೇರು ಅಂತ ಕಾಣುತ್ತದೆ!

ಬೇರುಹುಡುಕಿ
ಸದ್ದು ಹೊಂದಿದ ಮಾತ್ರಕ್ಕೆ ನಂಟು ಅನ್ನಲು ಆಗದು. ಗ್ರೀಕಿನಲ್ಲಿ 'ಕಾಲಿ' ಅಂದರೆ ಚೆಲುವೆ, ಒಳ್ಳೆಯವಳು. ನಮ್ಮ ಕಾಳಿ ಅಂದರೆ ಕಪ್ಪು ಮೈಯವಳು. ಸದ್ದು ಒಂದೇ, ಬೇರು ಬೇರೆ. ಜಪಾನಿನ ಕುರೊ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಮಿನಮೊಟೊ ಯೊಷಿತ್ಸುನೆ ಎಂಬ ಹೆಸರಾಂತ ಯೋಧನನ್ನು ಕುರೊ ಎಂದು ಕರೆಯುತ್ತಿದ್ದರು. ಅದು ಕಪ್ಪು ಅಲ್ಲ, ಒಂಬತ್ತನೇ ಮಗ ಅಂತ. ಬರೆಯುವ ಅಕ್ಷರ ಬೇರೆ, ಕೊನೆಯ ಸ್ವರವೂ ದೀರ್ಘ.

ಇನ್ನೂ ಹತ್ತಿರದ್ದು ಬೇಕಾದರೆ 'ನಲ್ಲ'. ತೆಲುಗಿನಲ್ಲಿ ನಲ್ಲ ಅಂದರೆ ಕಪ್ಪು, ನಲ್ಲಮಲ ಬೆಟ್ಟ ಅಂದರೆ ಕರಿಬೆಟ್ಟ. ತಮಿಳಿನಲ್ಲಿ ನಲ್ಲ ಅಂದರೆ ಒಳ್ಳೆಯ. ಕನ್ನಡದಲ್ಲಿ ನಲ್ಲ ಅಂದರೆ ಇನಿಯ.

ಮಳೆಮುಗಿಲು
ಕಪ್ಪು, ಒಳ್ಳೆಯ, ಇನಿಯ. ಮೂರೂ ಒಂದೇ ಸದ್ದು! ಇದನ್ನು ಬರೆದಿಟ್ಟುಕೊಂಡೆ.

ತಾಯಿಬೇರು
ಇಷ್ಟು ಹೊತ್ತು ಓದಿದೆ. ಈಗ ಒಂದು ಮಾತು ಹೇಳಲೇಬೇಕು. ಗ್ರೀಕ್ ಆಯಿತು, ಐರಿಶ್ ಆಯಿತು, ಲ್ಯಾಟಿನ್ ಆಯಿತು. ಕರಿಯಪ್ಪ, ಕರಿಯಮ್ಮ, ಕರಿಬಸವ, ಕರಿಸಿದ್ದ, ಕಾಳಯ್ಯ, ಕಾಳಮ್ಮ ಇವು ಯಾರಿಗೂ ಯಾಕೆ ನೆನಪಾಗಲಿಲ್ಲ?

ನನ್ನ ಅಜ್ಜಿಯ ಹೆಸರು ಕರಿಯಮ್ಮ. ಗಟ್ಟಿ ಹೆಂಗಸು. ಐದು ಮಕ್ಕಳನ್ನು ಒಬ್ಬಳೇ ಸಾಕಿದಳು. ನನ್ನ ಅಕ್ಕನ ಮದುವೆಯಲ್ಲಿ ಕರೆಯೋಲೆ ಅಚ್ಚಾಗುವಾಗ ಅಪ್ಪ ಅಜ್ಜಿಯ ಹೆಸರನ್ನು 'ಶ್ಯಾಮಲಮ್ಮ' ಅಂತ ಬದಲಿಸಿದರು. ಗಂಡಿನ ಕಡೆಯವರು ಏನಂದುಕೊಳ್ಳುತ್ತಾರೋ ಅಂತ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ನಾನೇ ಕೂತು ಓದಿ ಹೇಳಿದೆ. "ಇದು ಯಾರು ಶ್ಯಾಮಲಮ್ಮ?" ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಶ್ಯಾಮಲ ಅಂದರೂ ಕಪ್ಪೇ, ಕರಿ ಅಂದರೂ ಕಪ್ಪೇ. ಅರ್ಥ ಒಂದಿಷ್ಟೂ ಬದಲಾಗಲಿಲ್ಲ. ಅಜ್ಜಿಯ ಭಾಷೆಯಲ್ಲಿ ಹೇಳಿದರೆ ನಾಚಿಕೆ, ಬೇರೆ ಭಾಷೆಯಲ್ಲಿ ಹೇಳಿದರೆ ಚೆಂದ. ನನಗೆ ಇದನ್ನು ಇವತ್ತಿಗೂ ನುಂಗಿಕೊಳ್ಳಲು ಆಗಿಲ್ಲ.

ಹಳೇಓಲೆ
ತಾಯಿಬೇರು, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನೂ ಮಹಾಭಾರತಕ್ಕೇ ಓಡಿದೆ. ತಪ್ಪಾಯಿತು. ತಮಿಳಿನಲ್ಲಿ ಕರುಪ್ಪನ್, ಕರುಪ್ಪಯ್ಯ, ಕರುಪ್ಪಸಾಮಿ ಇವತ್ತಿಗೂ ಇದ್ದಾರೆ. ಸಿಂಹಳದಲ್ಲಿ ಕಲು ಅಂದರೆ ಕಪ್ಪು, ಅದನ್ನು ಹೆಸರಿಗೆ ಸೇರಿಸಿಕೊಳ್ಳುತ್ತಾರೆ.

ಸೀದಾಮಾತು
ನಾನು ಬೇರೆ ರೀತಿ ಯೋಚಿಸುತ್ತೇನೆ. ಬೈಯಬೇಡಿ. ನಮ್ಮ ಹೆಮ್ಮೆ ನಮಗೆ ಇರಲಿ, ಆದರೆ ಹೆಸರು ಹೊತ್ತು ಶಾಲೆಗೆ ಹೋಗುವುದು ಮಗು. ಇವತ್ತು ಒಂದು ಮಗುವಿಗೆ ಕರಿಯಪ್ಪ ಅಂತ ಇಟ್ಟರೆ ಉಳಿದ ಮಕ್ಕಳು ಸುಮ್ನೆ ಬಿಡುತ್ತಾರಾ? ನಮ್ಮ ವಾದ ಗೆಲ್ಲಿಸಲು ಮಗುವನ್ನು ಮುಂದೆ ಬಿಡಬಾರದು.

ಮಳೆಮುಗಿಲು
ಸೀದಾಮಾತು, ಬೈಯುವುದಿಲ್ಲ. ನಿಮ್ಮ ಭಯ ನನಗೂ ಇದೆ. ಆದರೆ ನನಗೆ ಬಿಳಿ ಹೆಸರೇ ಇಟ್ಟಿದ್ದರು. ನಕ್ಕರಲ್ಲ? ಮಗು ಕಪ್ಪಗಿದ್ದರೆ ನಗುವವರು ಹೇಗಾದರೂ ನಗುತ್ತಾರೆ. ಬಿಳಿ ಹೆಸರಿದ್ದಾಗ ನನ್ನ ಹೆಸರೇ ನನ್ನ ವಿರುದ್ಧ ನಿಂತಿತ್ತು. ಕೊನೆಯ ಪಕ್ಷ ಹೆಸರಾದರೂ ಮಗುವಿನ ಪಕ್ಕ ನಿಲ್ಲಲಿ ಅಂತ ನನ್ನ ಆಸೆ.

ಸೀದಾಮಾತು
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಮಾತು ಒಪ್ಪಿದೆ. ಕರಿಯಪ್ಪ ಎಂಬ ಹೆಸರಿನ ಬಗ್ಗೆ ಮಾತ್ರ ಇನ್ನೂ ಅಳುಕು ಇದೆ.

ನಿಶೆ
ಶ್ಯಾಮಲದ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ಶ್ಯಾಮಾ ಅಂದರೆ ಕಾಯಿಸಿದ ಚಿನ್ನದ ಬಣ್ಣದವಳು ಅಂತ ನಮ್ಮ ಸಂಸ್ಕೃತದ ಟೀಚರ್ ಹೇಳಿದ್ದರು. ಹಾಗಾದರೆ ಅದು ಕಪ್ಪು ಹೇಗಾಯಿತು?

ಹಳೇಓಲೆ
ಕಾವ್ಯಗಳಿಗೆ ಟೀಕೆ ಬರೆದವರು ಹೇಳುವ ಒಂದು ಹಳೆಯ ಶ್ಲೋಕ ಅದು. ಚಳಿಯಲ್ಲಿ ಮೈ ಬೆಚ್ಚಗೆ, ಬೇಸಿಗೆಯಲ್ಲಿ ತಣ್ಣಗೆ, ಕಾಯಿಸಿದ ಚಿನ್ನದ ಬಣ್ಣ, ಅಂಥವಳು ಶ್ಯಾಮೆ ಅಂತ. ಆದರೆ ಪದದ ಮೊದಲ ಅರ್ಥ ಕಡುಬಣ್ಣ. ಕಪ್ಪು, ಕಡುನೀಲಿ, ಕಡುಹಸಿರು ಎಲ್ಲಕ್ಕೂ ಬರುತ್ತದೆ. ಘನಶ್ಯಾಮ ಅಂದರೆ ಮಳೆಮೋಡದಂತೆ ಕಪ್ಪು. ಅಲ್ಲಿ ಚಿನ್ನ ತರಲು ಆಗುವುದಿಲ್ಲ. ಕಪ್ಪು ಹುಡುಗಿ ಚೆಲುವೆ ಅಂತ ಕವಿ ನೇರವಾಗಿ ಹೇಳಿದ. ಅದಕ್ಕೆ ಚಿನ್ನ ಬಳಿಯುವ ಅಗತ್ಯ ಇತ್ತಾ ಅಂತ ನನ್ನ ಪ್ರಶ್ನೆ.

ಬೇರುಹುಡುಕಿ
ಇಂಗ್ಲಿಷಿನ ಬ್ಲೇಕ್ ಇನ್ನೂ ಸೋಜಿಗ. ಹಳೆಯ ಇಂಗ್ಲಿಷಿನಲ್ಲಿ ಕಪ್ಪು ಮತ್ತು ಪೇಲವ ಬಿಳಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸದ್ದಿನ ಪದ ಇತ್ತು, ಸ್ವರ ಮಾತ್ರ ಒಂದರಲ್ಲಿ ಹ್ರಸ್ವ, ಇನ್ನೊಂದರಲ್ಲಿ ದೀರ್ಘ. ಬ್ಲೇಕ್ ಎರಡರಿಂದಲೂ ಬಂದಿರಬಹುದು. ಹಾಗಾಗಿ ಆ ಹೆಸರಿಗೆ ಕಪ್ಪು, ಬಿಳಿ ಎರಡೂ ಅರ್ಥ ಕೊಡುತ್ತಾರೆ.

ದೂರದೋದು
ಪೂರ್ವದ ಕಡೆಗೂ ಹೋಗೋಣ. ಚೀನಾದಿಂದ ಬಂದ ಯಾತ್ರಿಕ ಹ್ಯುಯೆನ್ ತ್ಸಾಂಗ್ ನಿಮಗೆಲ್ಲ ಪಾಠದಲ್ಲಿ ಬಂದಿರುತ್ತಾನೆ. 7ನೇ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ನಾಡಿಗೂ ಬಂದವನು. ಅವನ ಹೆಸರಿನ ಮೊದಲ ಅಕ್ಷರ 'ಷ್ಯುಆನ್'. ಅರ್ಥ ಕಡುಗಪ್ಪು. ಆಳವಾದದ್ದು, ಸುಲಭಕ್ಕೆ ಕೈಗೆ ಸಿಗದ್ದು ಅಂತಲೂ ಆಗುತ್ತದೆ. ಅದೇ ಅಕ್ಷರ ವಿಯೆಟ್ನಾಮಿನಲ್ಲಿ ಹುಯೆನ್ ಆಗಿದೆ, ಅಲ್ಲಿ ಹೆಣ್ಣುಮಕ್ಕಳಿಗೆ ಆ ಹೆಸರು ಇಡುತ್ತಾರೆ. ಕಪ್ಪು ಮತ್ತು ಆಳ ಒಂದೇ ಪದದಲ್ಲಿ. ಆಳದ ನೀರು ಕಪ್ಪಗೆ ಕಾಣುತ್ತದಲ್ವಾ, ಹಾಗೆ.

ಹವಾಯಿ ಭಾಷೆಯಲ್ಲಿ 'ಹಿವ' ಅಂತ ಇದೆ. ಒಂದೂ ಬೇರೆ ಬಣ್ಣದ ಚುಕ್ಕೆ ಇಲ್ಲದ ಅಚ್ಚ ಕಪ್ಪು. ದೇವರಿಗೆ ಕೊಡುವಂಥ, ಎಲ್ಲರೂ ಬಯಸುವ ಕಪ್ಪು. 'ಹಿವಹಿವ' ಅಂದರೆ ಅಮೂಲ್ಯ, ಪ್ರೀತಿಯ ಅಂತ. ಐಸ್‌ಲ್ಯಾಂಡಿನಲ್ಲಿ ಹೆಣ್ಣುಮಕ್ಕಳಿಗೆ ಕೋಲ್‌ಬ್ರೂನ್ ಅಂತ ಇಡುತ್ತಾರೆ, ಇದ್ದಲಿನಂಥ ಕಪ್ಪು ಹುಬ್ಬಿನವಳು. ತುರ್ಕಿಯಲ್ಲಿ ಎಸ್ಮೆರಾಯ್, ಕಪ್ಪು ಚಂದ್ರ. ನನಗೆ ಎಸ್ಮೆರಾಯ್ ಬಹಳ ಇಷ್ಟ. ನಮ್ಮಲ್ಲಿ ಚಂದ್ರನನ್ನು ಕಪ್ಪು ಅಂದದ್ದು ನಾನು ಕೇಳಿಲ್ಲ.

ಗಣಿತಮೇಷ್ಟ್ರಮಗ
ತುರ್ಕಿ ಕರಾ ಬಗ್ಗೆ ನಾನು ಬೇರು ತಪ್ಪು ಹೇಳಿದೆ, ಆದರೆ ಹೆಸರು ತಪ್ಪಲ್ಲ. 1804ರಲ್ಲಿ ಸೆರ್ಬಿಯಾದ ದಂಗೆಗೆ ಮುಂದಾಳಾಗಿದ್ದವನನ್ನು ಕರಾಜಾರ್ಜೆ ಅಂತ ಕರೆಯುತ್ತಾರೆ. ಕರಿ ಜಾರ್ಜ್. ಆಮೇಲೆ ಅವನ ರಾಜವಂಶದ ಹೆಸರೇ ಅದಾಯಿತು.

ಕುದುರೆಲಾಳ
ಕುದುರೆಗಳ ವಿಷಯ ನನಗೆ ಬಿಡಿ. ಇರಾನಿನಲ್ಲಿ ಸಿಯಾವಶ್ ಅಂತ ಗಂಡಸರ ಹೆಸರು ಇವತ್ತಿಗೂ ಬಳಕೆಯಲ್ಲಿದೆ. ಹಳೆಯ ಅವೆಸ್ತಾ ಭಾಷೆಯಲ್ಲಿ ಅದರ ಅರ್ಥ ಕಪ್ಪು ಗಂಡುಕುದುರೆಗಳು ಇರುವವನು. ಋಗ್ವೇದದ ಐದನೇ ಮಂಡಲದಲ್ಲಿ ಒಬ್ಬ ಋಷಿ ಇದ್ದಾನೆ, ಶ್ಯಾವಾಶ್ವ. ಅವನ ಹೆಸರಿಗೂ ಕಪ್ಪುಕಂದು ಕುದುರೆಗಳು ಇರುವವನು ಅಂತಲೇ ಅರ್ಥ. ಆ ಸಿಯಾವ್, ಈ ಶ್ಯಾವ ಒಂದೇ ಪದ. ಇಲ್ಲಿ ಸದ್ದೂ ಹೊ‌ಂದುತ್ತದೆ, ಬೇರೂ ಹೊಂದುತ್ತದೆ.

ಅರಬ್ಬಿಯ ಅದ್‌ಹಮ್ ಕೂಡ ಕಡುಗಪ್ಪು ಅಂತ, ಕುದುರೆಗೆ ಹೇಳುವ ಮಾತು. ಇಬ್ರಾಹಿಂ ಇಬ್ನ್ ಅದ್‌ಹಮ್ ಎಂಬ ಸೂಫಿ ಸಂತ ಇದ್ದ.

ನಿಶೆ
ಅದ್‌ಹಮ್ ಬೇಡ! ಕನ್ನಡದಲ್ಲಿ ಎಲ್ಲರೂ 'ಅಧಮ' ಅಂತ ಓದುತ್ತಾರೆ.

ಕುದುರೆಲಾಳ
ಹೌದು, ನನಗೆ ಹೊಳೆದಿರಲಿಲ್ಲ. ಆಗ ಹೀಬ್ರೂವಿನ ಕೇದಾರ್ ನೋಡಿ. ಬೈಬಲ್ಲಿನಲ್ಲಿ ಇಷ್ಮಾಯೇಲನ ಮಗ. ಕಪ್ಪು ಅಂತ ಅರ್ಥ ಹೇಳುತ್ತಾರೆ. ಪರಮಗೀತೆಯಲ್ಲಿ ಹುಡುಗಿ ತಾನು ಕಪ್ಪು, ಆದರೂ ಚೆಲುವೆ, ಕೇದಾರಿನ ಗುಡಾರಗಳ ಹಾಗೆ ಅನ್ನುತ್ತಾಳೆ.

ತಾಯಿಬೇರು
'ಆದರೂ' ಯಾಕೆ? ಕಪ್ಪು ಮತ್ತು ಚೆಲುವೆ ಅಂದರೆ ಆಗದಾ?

ಕುದುರೆಲಾಳ
ಒಳ್ಳೆಯ ಪ್ರಶ್ನೆ. ಮೂಲ ಹೀಬ್ರೂವಿನಲ್ಲಿ ಅಲ್ಲಿರುವುದು ಒಂದೇ ಅಕ್ಷರದ ಪದ. ಅದಕ್ಕೆ 'ಮತ್ತು' ಅಂತಲೂ ಆಗುತ್ತದೆ, 'ಆದರೆ' ಅಂತಲೂ ಆಗುತ್ತದೆ. 'ಆದರೂ' ಅಂತ ಆರಿಸಿಕೊಂಡದ್ದು ಅನುವಾದ ಮಾಡಿದವರು.

ತಾಯಿಬೇರು
ನೋಡಿ, ಅಲ್ಲಿಯೂ ಕರೆಯೋಲೆ ತಿದ್ದಿದವರು ಇದ್ದಾರೆ.

ಬೇರುಹುಡುಕಿ
ನನ್ನ ಕಡೆಯಿಂದ ಕೊನೆಯ ಒಂದು ಹೆಸರು. ಅಸಿತ. ಸಂಸ್ಕೃತದಲ್ಲಿ ಕಪ್ಪು. ಎಳೆಯ ಸಿದ್ಧಾರ್ಥನನ್ನು ನೋಡಲು ಬಂದ ಮುದಿ ಋಷಿಯ ಹೆಸರು ಅಸಿತ. ಪಾಲಿಯಲ್ಲಿ ಅವನಿಗೆ ಕಣ್ಹಸಿರಿ ಎಂಬ ಹೆಸರೂ ಇದೆ. ಆ 'ಕಣ್ಹ' ಕೃಷ್ಣ ಎಂಬುದರ ಪ್ರಾಕೃತ ರೂಪ. ಕಾನ್ಹಾ, ತಮಿಳಿನ ಕಣ್ಣನ್, ನಮ್ಮ ಶಾಸನಗಳ ಕನ್ನರ ಎಲ್ಲ ಅದೇ ದಾರಿಯವು. ರಾಷ್ಟ್ರಕೂಟರ ಮೂರನೆಯ ಕೃಷ್ಣನನ್ನು ಕನ್ನರದೇವ ಎಂದೇ ಬರೆದಿದ್ದಾರೆ.

ಅಸಿತಕ್ಕೆ ಬರುತ್ತೇನೆ. ಇದನ್ನು ಬಿಡಿಸಿದರೆ ಅ-ಸಿತ, ಬಿಳಿ ಅಲ್ಲದ್ದು ಅಂತ ಕಾಣುತ್ತದೆ. ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ ನಿಘಂಟುಕಾರರ ಪ್ರಕಾರ ನಡೆದದ್ದು ಉಲ್ಟಾ. ಮೊದಲು ಇದ್ದದ್ದು ಅಸಿತ, ಕಪ್ಪು. ಮೊದಲಿನ 'ಅ' ನೋಡಿ ಅದು 'ಅಲ್ಲ' ಎಂಬ ಅರ್ಥದ್ದು ಅಂದುಕೊಂಡು, ಅದನ್ನು ಕಿತ್ತು, ಉಳಿದ 'ಸಿತ'ಕ್ಕೆ ಬಿಳಿ ಅಂತ ಅರ್ಥ ಕೊಟ್ಟರು. ಅಸುರ ಎಂಬ ಪದದಿಂದ ಸುರ ಹುಟ್ಟಿದ್ದೂ ಹೀಗೇ. ಅಂದರೆ ಇಲ್ಲಿ ಬಿಳಿ ಬಂದದ್ದು ಕಪ್ಪಿನಿಂದ.

ಎರಡನೇಬೆಂಚು
ಇದು ನಿಜವಾ? ಎರಡು ಸಲ ಓದಿದೆ.

ಬೇರುಹುಡುಕಿ
ನಿಜ. ದೊಡ್ಡ ಸಂಸ್ಕೃತ ನಿಘಂಟಿನಲ್ಲಿ 'ಸಿತ' ಪದದ ಕೆಳಗೆ ನೋಡಿ.

ಸೀದಾಮಾತು
ಮಳೆಮುಗಿಲು, ಅಸಿತ ಇಟ್ಟುಬಿಡಿ. ಕೇಳಲು ಚೆಂದ, ಅರ್ಥ ಗಟ್ಟಿ, ಯಾರೂ ನಗುವುದಿಲ್ಲ.

ತಾಯಿಬೇರು
ಯಾರೂ ನಗುವುದಿಲ್ಲ, ಯಾಕಂದರೆ ಯಾರಿಗೂ ಅರ್ಥವೇ ಆಗುವುದಿಲ್ಲ. ಇದು ಇನ್ನೊಂದು ಶ್ಯಾಮಲಮ್ಮ. ಕಪ್ಪು ಅಂತ ಕೇಳಿಸದ ಹಾಗೆ ಕಪ್ಪು ಅನ್ನುವುದು. ಬೇಸರ ಮಾಡಿಕೊಳ್ಳಬೇಡಿ ಮಳೆಮುಗಿಲು, ಹೆಸರು ನಿಮ್ಮದು. ನನಗೆ ಅನ್ನಿಸಿದ್ದು ಹೇಳಿದೆ.

ಹಳೇಓಲೆ
ಕನ್ನಡದಲ್ಲೇ ಹೊಸದಾಗಿ ಕಟ್ಟಬಹುದಲ್ಲ? 'ಕಾರ್' ಅಂದರೆ ಕಪ್ಪು, ಮಳೆಗಾಲವೂ ಹೌದು. ಕಾರ್ಮುಗಿಲು. 'ಕಾವಳ' ಅಂದರೆ ಕತ್ತಲು. ಕೂಗಿ ಕರೆದು ನೋಡಿ, ಬಾಯಿಗೆ ಹಿತವಾಗಿದೆ.

ಮಳೆಮುಗಿಲು
ಎಲ್ಲವನ್ನೂ ಕೂತು ಗಂಡನಿಗೆ ಓದಿ ಹೇಳಿದೆ. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಅರ್ಜುನನ ಅಪ್ಪನ ಮಾತಿಗೆ ಬಂದಾಗ ಅವನು "ನಿಲ್ಲಿಸು, ಇನ್ನೊಮ್ಮೆ ಓದು" ಅಂದ. ಆಮೇಲೆ ಬಹಳ ಹೊತ್ತು ಸುಮ್ಮನಿದ್ದ. ಹೆಣ್ಣಾದರೆ ಕೃಷ್ಣೆ ಅಂತ ಇಬ್ಬರೂ ಒಪ್ಪಿದೆವು. ಇದು ಸಂಸ್ಕೃತ, ಗೊತ್ತು ತಾಯಿಬೇರು. ಆದರೆ ಇದರ ಅರ್ಥ ಕಪ್ಪು ಅಂತ ಎಲ್ಲರಿಗೂ ಗೊತ್ತು, ಇದು ಬಚ್ಚಿಟ್ಟ ಹೆಸರಲ್ಲ. ಗಂಡಾದರೆ ಏನು ಅಂತ ಇನ್ನೂ ಜಗಳ ನಡೆಯುತ್ತಿದೆ. ನನಗೆ ಅಸಿತ ಇಷ್ಟ. ಅವನಿಗೆ ಕರಿಯಪ್ಪ. ಅವನ ತಾತನ ಹೆಸರೂ ಕರಿಯಪ್ಪ ಅಂತ ನನಗೆ ನಿನ್ನೆಯೇ ಗೊತ್ತಾದದ್ದು. ಮದುವೆಯಾಗಿ ಆರು ವರ್ಷ ಆಯಿತು. ತಾತ ಅಂತ ಮಾತ್ರ ಹೇಳುತ್ತಿದ್ದ, ಹೆಸರು ಒಂದು ದಿನವೂ ಹೇಳಿರಲಿಲ್ಲ.

ತಾಯಿಬೇರು
ಅವರ ತಾತನ ಫೋಟೋ ಇದ್ದರೆ ಮಗುವಿಗೆ ಅಂತ ಒಂದು ಎತ್ತಿಡಿ. ಕೃಷ್ಣೆ ಚೆಂದದ ಹೆಸರು. ಗಂಡಾದರೆ ನನ್ನ ಓಟು ನಿಮ್ಮ ಗಂಡನಿಗೆ.

ಸೀದಾಮಾತು
ತಾತನ ಹೆಸರು ಅಂದಮೇಲೆ ನನ್ನ ಅಳುಕು ಹೋಯಿತು. ನನ್ನದೂ ಅಲ್ಲಿಗೇ.

ಮಳೆಮುಗಿಲು
ಒಂದು ಕೊನೆಯ ಪ್ರಶ್ನೆ. ಕಾಗದಪತ್ರಗಳಲ್ಲಿ ಕೃಷ್ಣಾ ಅಂತ ಬರೆಸಬೇಕಾ, ಕೃಷ್ಣೆ ಅಂತಲಾ?

ಹಳೇಓಲೆ
ಕೃಷ್ಣೆ ಅಂತಲೇ ಬರೆಸಿ. ಸೀತಾ ಸೀತೆ ಆದ ಹಾಗೆ, ಕನ್ನಡದಲ್ಲಿ ಅದೇ ಸರಿಯಾದ ರೂಪ. ಕೃಷ್ಣಾ ಅಂತ ಬರೆದರೆ ಗಂಡುಹುಡುಗನನ್ನು ಕೂಗಿ ಕರೆದ ಹಾಗೆ ಓದುತ್ತಾರೆ. ಮಗು ಬಂದ ಮೇಲೆ ಇಲ್ಲಿ ಬಂದು ಹೇಳಿ, ಕಾಯುತ್ತಿರುತ್ತೇವೆ.